ಕಾಂತಾ ಡಬ್ಬ ಹಾಕಿದ ಎಲಿ

ಕಾಂತಾ ಆಟಕ್ಕ ಕುಂತ್ಲು ಅಂದ್ರ ಸೋಲೂದು ಗ್ಯಾರಂಟಿ. ಅದೂ ಯಾರ ಕೈಯಾಗ? ಎಂಟ ವರ್ಷದ ರೂಪಾಲಿ ಕೈಯಾಗ.

ರೂಪಾಲಿ ಅಂದ್ರ ಕಾಂತಾನ ಅಣ್ಣ ಸುಜಯನ ಮಗಳು. ಟಿವಿಯೊಳಗ ಇಸ್ಪೀಟಿನಂಥಾ ಎಲಿ ಆಟದ ಕಾರ್ಟೂನು ಬರ್ತಿತ್ತಲ್ಲ, ಎಲಿಯೊಳಗಿಂದ ರಾಕ್ಷಸರು ಎದ್ದು ಬಂದು ಬಡದಾಡೂದು, ಆ ಎಲಿ ಎರಡ ಸಾವಿರದ ನಾಕು-ಐದರ ಸುಮಾರಿಗೆ ಬೆಳಗಾವಿ ಶಹಾಪುರದ ಪೇನು-ಪಾಟಿ ಮಾರೂ ಅಂಗಡಿಗೂ ಬಂದಿದ್ವು. ಹುಡಿಗಿಗೆ ಹುಚ್ಚು ಹಿಡೀತು. ಓಣ್ಯಾಗ ಆಡಾಕ ಯಾರೂ ಸಿಗದಾಗ ಅತ್ತೀನ ಗತಿ. ಕಾಂತಾ ಸೀರಿ ಅಂಗಡಿಯೊಳಗ ಫಾಲ್-ಪಿಕೋ ಹೊಲದು ಸಂಜಿಗೆ ಮನಿಗೆ ಬಂದು ಚಾ ಕುಡಿಯೂದರಾಗ ಈಕಿ ಚಾಪಿ ಹಾಸಿ ಎಲಿ ಹಂಚಿರ್ತಿದ್ಲು.

ಆ ಆಟದಾಗ ಬಡಿಯೂ ಎಲಿ ಬ್ಯಾರೆ, ಕಾಯೂ ಎಲಿ ಬ್ಯಾರೆ. ಕಾಯೂ ಎಲಿಗೆ ಟ್ರ್ಯಾಪ್ ಅಂತಾರ. ಅದನ್ನ ಮೊದಲ ಡಬ್ಬ ಹಾಕಿ ಇಡಬೇಕು, ಮಾರಿ ಯಾರಿಗೂ ಕಾಣಬಾರದು. ಎದುರಿನಾಕಿ "ಏಟು!" ಅಂದ ಕೂಡ್ಲೆ ತಿರುವಿ ತೋರಿಸಿದ್ರ ಆ ಏಟು ಅಕಿಗೇ ತಿರುಗತೈತಿ. ಏಟು ಬಿದ್ದು ಹ್ವಾದ ಮ್ಯಾಲ ತಿರುವಿದ್ರ ನಡೆಂಗಿಲ್ಲ. ಇಷ್ಟ ಕಾಯ್ದೆ.

ನಮ್ಮ ಕಾಂತಾಗ ಡಬ್ಬ ಹಾಕೂದು ಭಾಳ ಚಂದ ಬರ್ತಿತ್ತು. ತಿರುವೂದು ಮಾತ್ರ ಬರ್ತಿದ್ದಿಲ್ಲ.

"ಅತ್ತಿ, ಏಟು ಅಂದ್ನೆಲ್ಲ! ತಿರುವ!"

"ಇರಲೇಳವ್ವ, ಇದು ಸಣ್ಣ ಏಟು. ದೊಡ್ಡದು ಬಂದಾಗ ಬೇಕಾಗತೈತಿ."

ದೊಡ್ಡದು ಬರೂದರಾಗ ಆಟಾನ ಮುಗೀತಿತ್ತು. ರೂಪಾಲಿ ಅತ್ತಿ ಮುಂದಿನ ಎಲಿ ಎಲ್ಲಾ ತಿರುವಿ ನೋಡಿ ಹಣಿ ಹಣಿ ಬಡ್ಕೊಂಡು, "ಅಯ್ಯ ನಮ್ಮವ್ವಾ, ಇಷ್ಟು ಇಟ್ಕೊಂಡು ಸೋತಿ ಏನ?" ಅಂತ ಬಿದ್ದು ಬಿದ್ದು ನಗ್ತಿದ್ಲು. ಕಾಂತಾನೂ ನಗ್ತಿದ್ಲು.

ನಗೂದೇನು ಬಂತು, ಆಕಿ ಜಲ್ಮೇ ಹಂಗ. ಹತ್ತನೇತ್ತಾ ಪಾಸಾಗಿ ಮಾಸ್ತರಕಿ ಕಲಿಯೂ ಸೀಟು ಸಿಕ್ಕಾಗ ಅಪ್ಪಗ ಹೇಳಾಕ ಒಳ್ಳೆ ಹೊತ್ತು ನೋಡ್ಕೋತ ಕುಂತ್ಲು. ಅಪ್ಪನ ಸಿಟ್ಟು ಇಳೀಲಿ, ಸುಗ್ಗಿ ಮುಗೀಲಿ. ಒಳ್ಳೆ ಹೊತ್ತು ಬರೂದರಾಗ ಸೀಟು ಮತ್ತೊಬ್ಬಾಕಿಗೆ ಹೋತು. ಲಾರಿ ಓಡಸೂ ಗುರುಪಾದಪ್ಪನ ಜೋಡಿ ಲಗ್ನ ಆತು. ಮನಷ್ಯಾ ಒಳ್ಳೆಯಂವ, ಮನ್ಯಾಗ ಇರೂದು ಕಡಿಮಿ. ಮಕ್ಕಳು ಆಗ್ಲಿಲ್ಲ.

ಸುಜಯ ಕಣಕುಂಬಿ ಕಡೆ ಅರಣ್ಯದ ಗಾರ್ಡು. ಆತನ ಹೆಂಡ್ತಿ, ಕಾಂತಾನ ವೈನಿ, ಬ್ಯಾನಿ ಬಿದ್ದು ಬೆಳಗಾವಿ ದವಾಖಾನ್ಯಾಗ ಇದ್ದಾಗ ಬಾಜೂಕ ಕುಂತಾಕಿ ಕಾಂತಾ ಒಬ್ಬಾಕೀನ. ಆಗ ರೂಪಾಲಿ ಮೂರ ವರ್ಷದ್ದು. ಒಂದಿನ ಮಧ್ಯಾಹ್ನ, ಸುಜಯ ಔಷಧ ತರಾಕ ಹೋಗಿದ್ದ, ವೈನಿ ಕಾಂತಾನ ಸೆರಗು ಹಿಡದು ಜಗ್ಗಿ, ಮಲಗಿದ್ದ ಕೂಸಿನ ಕೈ ಅದರಾಗ ಇಟ್ಲು. "ನಿನ್ನ ಉಡ್ಯಾಗ ಹಾಕೀನಿ ಕಾಂತಾ. ಇನ್ನ ಇಕಿ ನಿನ್ನಾಕಿ." ಅಷ್ಟ ಅಂದ್ಲು. ಮರುದಿನ ಹ್ವಾದ್ಲು.

ಸಾಯೂ ತಾಯಿ ಉಡ್ಯಾಗ ಹಾಕಿದ ಕೂಸನ್ನ ನಮ್ಮ ಕಡೆ ಯಾವ ಗಂಡಸೂ ಕಸ್ಕೊಳ್ಳಂಗಿಲ್ಲ. ಆದ್ರ ಕಾಂತಾ ಈ ಮಾತು ಅಣ್ಣಗ ಹೇಳ್ಲೇ ಇಲ್ಲ. ಹೆಂಡ್ತೀನ ಕಳ್ಕೊಂಡಾನ, ಮಗಳನ್ನೂ ನಂದು ಅಂದ್ರ ಎದಿ ಒಡಕೊಂಡಾನು ಅಂತ. ಸಾಲಿಗೆ ಅನುಕೂಲ ಅಂತ ಕೂಸು ಹೆಂಗೂ ಇಲ್ಲೇ ಉಳೀತು. ಬೇಕಾದಾಗ ಹೇಳಿದ್ರಾತು, ಅಂತ ಸುಮ್ನಾದ್ಲು.

ಐದ ವರ್ಷದ ಮ್ಯಾಲ ಬೇಕಾತು ನೋಡ್ರಿ. ಸುಜಯ ಖಾನಾಪುರಕ್ಕ ವರ್ಗಾ ಆಗಿ, ಅಲ್ಲೇ ಸಾಲಿ ಟೀಚರು ಪ್ರಮಿಳಾನ್ನ ಮದವಿ ಆದ. ಲಗ್ನಕ್ಕ ಅಕ್ಷತಿ ಹಾಕಿ ಬಂದ ಕಾಂತಾಗ ಅವತ್ತಿನಿಂದ ಅನ್ನ ಇಳೀಲಿಲ್ಲ. ಒಂದ ಐತವಾರ ಇಬ್ಬರೂ ಬರ್ತೀವಿ ಅಂತ ಫೋನು ಬಂತು. ಯಾಕ ಬರ್ತಾರ ಅನ್ನೂದು ಕೇಳಬೇಕೇನ? ಕಾಂತಾ ರಾತ್ರೆಲ್ಲಾ ಮಾತು ಜೋಡಿಸಿದ್ಲು. "ಕರ್ಕೊಂಡು ಹೋಗ್ತೀನಿ" ಅಂತ ಅಣ್ಣ ಬಾಯಿ ತಗದ ಕೂಡ್ಲೆ ಹೇಳಿಬಿಡೂದು. ಅದಕಿಂತ ಮೊದಲ ಬ್ಯಾಡ.

ಅಣ್ಣ ಬಂದ. ಚಪ್ಪಲಿ ಬಿಡೂದರಾಗ, "ಕಾಂತಾ, ರೂಪಾಲಿ ವಿಚಾರದಾಗ ನೀ ಏನರ ಹೇಳೂದು ಐತೇನು?" ಅಂದ.

ನೋಡ್ರಿ, ಹಿಂಗ ಕೇಳ್ತಾನಂತ ಆಕಿ ಅನ್ಕೊಂಡಿದ್ದಿಲ್ಲ. ಹೊಸಾ ವೈನಿ ಇನ್ನೂ ಹೊಸ್ತಿಲಾ ದಾಟಿಲ್ಲ, ಒಲಿ ಮ್ಯಾಲ ಹೋಳಿಗಿ. ಊಟಕ್ಕ ಬಂದಾವ್ರಿಗೆ ಕಹಿ ಮಾತು ಹೆಂಗ ಆಡೂದು? "ಮೊದಲ ಊಟಾ ಆಗ್ಲಿ ಬರ್ರಿ, ಕುಂದರ್ರಿ" ಅಂದ್ಲು.

ಊಟಾ ಆತು. ಪ್ರಮಿಳಾ ಮೊದಲನೇ ಸಲ ಬಂದಾಕಿ, ಉಡಿ ತುಂಬದ ಕಳಸಾಕ ಬರ್ತೈತೇನು? ಕಾಂತಾ ಖಣ, ಅಕ್ಕಿ, ತೆಂಗಿನಕಾಯಿ, ಐದ ಉತ್ತತ್ತಿ ತಂದ್ಲು. ಪ್ರಮಿಳಾ ಮಣಿ ಮ್ಯಾಲ ಸೆರಗು ಹಿಡದು ಕುಂತ್ಲು. ಬಾಜೂಮನಿ ಮುದುಕಿ ಫಕೀರವ್ವ ಹೊಸಾ ಸೊಸೀನ್ನ ನೋಡಾಕ ಬಂದಾಕಿ ಬಾಗಲಾಗ ನಿಂತು, "ಬರೇ ಕಾಯಿ-ಅಕ್ಕಿ ಹಾಕಿ ಕಳಸ್ತಿ ಏನ ಕಾಂತಾ? ಹೊಸಾ ಮದಮಗಳ ಉಡ್ಯಾಗ ಕೂಸು ಹಾಕಬೇಕವ್ವ. ಮನ್ಯಾಗ ಕೂಸು ಐತೆಲ್ಲ!" ಅಂದ್ಲು.

ಆ ಮುದುಕೀಗೆ ಬ್ಯಾರೆ ಹೊತ್ತು ಸಿಗಲಿಲ್ಲೇನು? ಎಲ್ಲಾರೂ ನೋಡಾಕತ್ತಿದ್ರು. ಆಗೂದಿಲ್ಲ ಅಂದ್ರ ಪ್ರಮಿಳಾಗ ಅಪಶಕುನ ಮಾಡಿದಂಗ. ಕಾಂತಾ ರೂಪಾಲಿ ರಟ್ಟಿ ಹಿಡದು ಕರ್ಕೊಂಡು ಬಂದು, ತನ್ನ ಕೈಯಾರೆ ಪ್ರಮಿಳಾನ ತೊಡಿ ಮ್ಯಾಲ ಕುಂದರಿಸಿದ್ಲು. ಹುಡಿಗಿ ನಾಚಿ ನಕ್ಕು ಆಕಿ ಕೊಳ್ಳಾಗ ಕೈ ಹಾಕಿತು.

ಕಾಂತಾನ ಒಪ್ಪಿ ಕೊಟ್ಲು ಅಂತ ಎಲ್ಲಾರೂ ತಿಳ್ಕೊಂಡ್ರು. ಆಮ್ಯಾಲ ಎಲ್ಲಾ ದಬದಬ ನಡೀತು. ಬಟ್ಟಿ-ಅರಬಿ ಗಂಟು ಕಟ್ಟಿದ್ದು, ಸಾಲಿ ಚೀಲ ತುಂಬಿದ್ದು. "ಅತ್ತಿ, ನೀನೂ ಬರ್ತಿ ಹೌದಲ್ಲೊ?" ಅಂತ ಹುಡಿಗಿ ಕೇಳಿದ್ದಕ್ಕ "ಬರ್ತೀನಿ, ನೀ ಮುಂದ ನಡಿ" ಅಂದ್ಲು. ಪ್ರಮಿಳಾ ಹುಡಿಗೀ ಕೈ ಹಿಡದು ಬಸ್ ಸ್ಟಾಪಿಗೆ ಹೊಂಟ ಮ್ಯಾಲ, ಗಂಟು ಎತ್ತಾಕ ಬಗ್ಗಿದ ಅಣ್ಣನ ತೋಳು ಹಿಡದು ಕಾಂತಾ ಒಮ್ಮೆಲೆ ಹೇಳಿಬಿಟ್ಲು. ದವಾಖಾನಿ, ಸೆರಗು, ಕೂಸಿನ ಕೈ, ಎಲ್ಲಾ.

ಸುಜಯ ಕಟ್ಟಿ ಮ್ಯಾಲ ಕುಂತಬಿಟ್ಟ.

"ಖರೇನ ಕಾಂತಾ?"

"ವೈನಿ ಆಣಿ."

"ಬಂದ ಕೂಡ್ಲೆ ಕೇಳಿದ್ನೆಲ್ಲಬೇ!" ಅಂದ ಸುಜಯ. "ಕಾಂತಕ್ಕಾರು ಬ್ಯಾಡ ಅಂತ ಒಂದ ಮಾತು ಅಂದ್ರೂ ಸಾಕು, ಹುಡಿಗೀನ್ನ ಇಲ್ಲೇ ಬಿಟ್ಟು ಬರೂಣು ಅಂತ ಪ್ರಮಿಳಾನ ನಂಗ ಹೇಳಿ ಕರ್ಕೊಂಡು ಬಂದಿದ್ಲು. ನೀ ಏನೂ ಅನ್ನಲಿಲ್ಲ. ಈಗ ನೋಡು, ನಾಕ ಮಂದಿ ಮುಂದ ನೀನ ಆಕಿ ಉಡ್ಯಾಗ ಹಾಕೀದಿ. ಉಡ್ಯಾಗ ಹಾಕಿದ್ದನ್ನ ಆಕಿ ಕಡಿಂದ ನಾ ಹೆಂಗ ಕಸ್ಕೊಳ್ಳಲಿ? ಹೇಳು, ಹೆಂಗ ಕಸ್ಕೊಳ್ಳಲಿ?"

ಓಣಿ ತುದ್ಯಾಗಿಂದ ರೂಪಾಲಿ, "ಅಪ್ಪಾ, ಬಸ್ ಬಂತು!" ಅಂತ ಕೂಗಿದ್ಲು.

ಕಾಂತಾ ಗಂಟು ಎತ್ತಿ ಅಣ್ಣನ ಹೆಗಲಿಗೆ ಕೊಟ್ಲು. "ನೀವು ಉಣ್ಣಾಕ ಬಂದಿದ್ರೆಲ್ಲಪಾ," ಅಂದ್ಲು. "ಉಂಡ ಮ್ಯಾಲ ಹೇಳೂಣು ಅಂತ ಸುಮ್ನ ಇದ್ನಿ."