ಅಣ್ಣ ಹಾಡು ಕೇಳುತ್ತಿದ್ದ ಕೋಣೆ

ಸೋಫಾ ಹೊಲಿಯುವ ಆ ಮನುಷ್ಯ ಮೂವತ್ತು ವರ್ಷ ತುಟಿಗಳ ನಡುವೆ ಮೊಳೆ ಕಚ್ಚಿಕೊಂಡೇ ಬದುಕಿದವನು, ಮಾತು ಕಡಿಮೆ. ಏಳು ವರ್ಷದ ಹಿಂದೆ ಅವನ ಅಣ್ಣ, ಶಾಲೆಯ ಮೇಷ್ಟ್ರು, ನೆಂಟರೆದುರು "ಹತ್ತಿ ತುಂಬೋನಿಗೆ ಸಂಗೀತ ಏನು ತಿಳಿಯುತ್ತೆ?" ಎಂದು ನಕ್ಕುಬಿಟ್ಟಿದ್ದರು. ಅಂದಿನಿಂದ ಇವನು ಅಣ್ಣನ ಮನೆಯ ಮೆಟ್ಟಿಲು ಹತ್ತಿರಲಿಲ್ಲ.

ಒಂದು ದಿನ ಅತ್ತಿಗೆಯೇ ಅಂಗಡಿಗೆ ಬಂದರು. "ನಿಮ್ಮಣ್ಣನಿಗೆ ಇನ್ನು ಹೆಚ್ಚು ದಿನ ಇಲ್ಲ ಅಂದ್ರು ಡಾಕ್ಟರು. ಹಾಡು ಕೇಳೋದೊಂದೇ ಅವರಿಗೆ ಆಸೆ. ಆ ಕೋಣೇಲಿ ಎಲ್ಲಾ ಗುಂಯ್ ಅನ್ನುತ್ತೆ, ಒಂದು ಪದದ ಮೇಲೆ ಇನ್ನೊಂದು ಬೀಳುತ್ತೆ. ಯಾರೋ ಶಬ್ದ ಹೀರೋಕೆ ಗೋಡೆಗೆಲ್ಲ ಕಪ್ಪು ಸ್ಪಂಜು ಅಂಟಿಸಿ ಅಂದ್ರು. ಗೋಡೌನ್ ಥರ ಆಗೋದು ಬೇಡಪ್ಪ, ದಿನವಿಡೀ ಅವರು ನೋಡೋ ಕೋಣೆ ಅದು."

ಮರದ ಚೌಕಟ್ಟಿನೊಳಗೆ ದಪ್ಪಗೆ ಹತ್ತಿ ತುಂಬಿ, ಅತ್ತಿಗೆ ಆರಿಸಿದ ತಿಳಿಹಸಿರು ಬಟ್ಟೆ ಬಿಗಿದು ಗೋಡೆಗೆ ತೂಗುಹಾಕುವುದೆಂದಾಯಿತು. ಎಲ್ಲಿ ತೂಗಬೇಕೆಂದು ತಿಳಿಯಲು ಅವನು ಅಣ್ಣನ ಮನೆಗೆ ಹೋಗಿ, ಕುರ್ಚಿಯಲ್ಲಿ ಕೂತಿದ್ದ ಅಣ್ಣನ ಪಕ್ಕದ ಗೋಡೆಯುದ್ದಕ್ಕೂ ಒಂದು ಕನ್ನಡಿ ಸರಿಸತೊಡಗಿದ.

"ಕನ್ನಡೀಲಿ ಸ್ಪೀಕರ್ ಕಂಡ ಕೂಡಲೇ ಹೇಳಣ್ಣ. ಶಬ್ದ ಬಡಿದು ನಿನ್ನ ಕಡೆ ಬರೋದು ಅಲ್ಲಿಂದಲೇ." ಏಳು ವರ್ಷದ ಮೇಲೆ ಅಣ್ಣನೊಡನೆ ಆಡಿದ ಮೊದಲ ಮಾತು ಅದು.

ಸ್ಪೀಕರಿಗಿಂತ ಮೊದಲು ಅಣ್ಣನಿಗೆ ಕಂಡದ್ದು ಅವರದೇ ಮುಖ. ಕಾಯಿಲೆ ಬಿದ್ದಾಗಿನಿಂದ ಅತ್ತಿಗೆ ಅವರ ಕಣ್ಣಿಗೆ ಕನ್ನಡಿ ಬೀಳದಂತೆ ನೋಡಿಕೊಂಡಿದ್ದರು.

"ಇಷ್ಟೊಂದು ಇಳಿದುಹೋಗಿದ್ದೀನೇನೋ?"

"ಕನ್ನಡಿ ಹಳೇದು, ಅಣ್ಣ."

"ಇಷ್ಟು ವರ್ಷ ಹೊಲಿದರೂ ಸುಳ್ಳು ಹೊಲಿಯೋಕೆ ಮಾತ್ರ ಬರಲಿಲ್ಲ ನಿನಗೆ," ಎಂದು ಅಣ್ಣ ನಕ್ಕರು. ನಗುತ್ತಲೇ ಕಣ್ಣು ತುಂಬಿತು. "ಆವತ್ತು ಹಾಗನ್ನಬಾರದಿತ್ತು ಕಣೋ."

"ಇನ್ನು ಸ್ವಲ್ಪ ಸರಿಸ್ತೀನಿ, ನೋಡು," ಎಂದಷ್ಟೇ ಅಂದ ತಮ್ಮ.

ಎಡಬಲದ ಚೌಕಟ್ಟುಗಳು ಗೋಡೆ ಏರಿದವು. ಅಣ್ಣ ನಾಲ್ಕು ಸಂಜೆ ಹಾಡು ಕೇಳಿದರು. "ಹಾಡೋಳು ಉಸಿರೆಳೆದುಕೊಳ್ಳೋದೂ ಕೇಳುತ್ತೆ ಬಾರೇ," ಎಂದು ಹೆಂಡತಿಯನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡರು. ಹಿಂದಿನ ಗೋಡೆಯ ಚೌಕಟ್ಟು ಅಂಗಡಿಯಲ್ಲಿ ಅರ್ಧಕ್ಕೆ ನಿಂತಿರುವಾಗಲೇ ಅಣ್ಣ ಹೋಗಿಬಿಟ್ಟರು.

ತಮ್ಮ ಅದನ್ನೂ ಮುಗಿಸಿ, ತಿಂಗಳು ಕಳೆದ ಮೇಲೆ ತಂದು ಗೋಡೆಗೆ ಹಾಕಿದ. "ಕೇಳಿ ನೋಡ್ತೀರಾ ಅತ್ತಿಗೆ?" ಎಂದು ಹಾಡು ಹಚ್ಚಿದ. ಪದ ಪದವೂ ಬಿಡಿಬಿಡಿಯಾಗಿ, ಎದುರಿಗೇ ಕೂತು ಹಾಡಿದಂತೆ ಬಂತು. ಅತ್ತಿಗೆ ಬಾಯಿಗೆ ಕೈ ಅಡ್ಡ ಹಿಡಿದರು.

"ನಿಲ್ಲಿಸಪ್ಪ. ಇಷ್ಟು ಚೆನ್ನಾಗಿ ಕೇಳಿಸಿಕೊಳ್ಳೋ ಗಟ್ಟಿ ಎದೆ ನನಗಿನ್ನೂ ಇಲ್ಲ."

ಅವನು ನಿಲ್ಲಿಸಿದ. ಅಣ್ಣನ ಕುರ್ಚಿಯನ್ನು ಹಾಗೇ ಬಿಟ್ಟು ಇಬ್ಬರೂ ನೆಲದ ಮೇಲೆ ಕೂತರು.