ಸುಜಾತಾಳ ಇಂಗ್ಲೆಂಡು, ನನ್ನ ಹಾವೇರಿ

ನನ್ನ ಹೊಟ್ಟೆಕಿಚ್ಚು ಬ್ಯಾಡಗಿ ಮೆಣಸಿನಕಾಯಿಯ ಜಾತಿಯದು, ಬಣ್ಣ ಜಾಸ್ತಿ, ಖಾರ ಕಡಿಮೆ ಎಂದು ಇಷ್ಟು ದಿನ ನಂಬಿದ್ದೆ. ಸುಜಾತಾಳಿಗೆ ಇಂಗ್ಲೆಂಡಿನಲ್ಲಿ ಎಂ.ಎಸ್ಸಿ. ಸೀಟು ಸಿಕ್ಕಿತೆಂದು ಕೇಳಿದ ದಿನ ಖಾರವೂ ಹತ್ತಿತು.

ಅವಳು ನಮ್ಮ ಓಣಿಯ ಮೆಣಸಿನಕಾಯಿ ವ್ಯಾಪಾರಿ ಬಸಣ್ಣನವರ ಮಗಳು. ಹೈಸ್ಕೂಲಿನಲ್ಲಿ ನನ್ನ ಕೈಯಲ್ಲೇ ಕಲಿತವಳು. ರಾಣೆಬೆನ್ನೂರಿನ ಇಂಟರ್ನೆಟ್ ಅಂಗಡಿಯಲ್ಲಿ ಕುಳಿತು ತಾನೇ ಅರ್ಜಿ ಹಾಕಿದ್ದಳು. ಬಸಣ್ಣನವರು ನನ್ನನ್ನು ಮನೆಗೆ ಕರೆಸಿ, ಚಹಾ ಕೊಡಿಸಿ, ಕೇಳಿದರು:

“ಅಕ್ಕೋರ, ಓದಿದವ್ರು ನೀವು. ಇಲ್ಲಿ ಇಲ್ಲದ್ದು ಅಲ್ಲೇನೈತ್ರಿ? ನೀವು ಬ್ಯಾಡ ಅಂದ್ರ ಇವತ್ತ ಬಿಡಸ್ತೇನಿ.”

ಒಳಬಾಗಿಲಲ್ಲಿ ಸುಜಾತಾ ಕಿವಿಗೊಟ್ಟು ನಿಂತಿದ್ದಳು.

‘ಬ್ಯಾಡ’ ಎನ್ನುವುದು ಎಷ್ಟು ಸುಲಭವಿತ್ತು! ನಾಲಿಗೆಯ ತುದಿಗೇ ಬಂದಿತ್ತು. ನಮ್ಮ ಮನೆತನಕ್ಕೆ ಮೊದಲ ಪದವಿ ನನ್ನದು, ನನ್ನ ತವರೂರು ಅಗಡಿಯಿಂದ ಹಾವೇರಿಯ ಕಾಲೇಜಿಗೆ ದಿನಾ ಬಸ್ಸಿನಲ್ಲಿ ನಿಂತುಕೊಂಡೇ ಓಡಾಡಿ ಗಳಿಸಿದ್ದು. ಅದರ ಪ್ರಮಾಣಪತ್ರಕ್ಕೆ ಕಟ್ಟು ಹಾಕಿಸಿ ಗೋಡೆಗೇರಿಸಿದ್ದೇನೆ. ಬಂದವರು ನೋಡದಿದ್ದರೆ, ಫ್ಯಾನ್ ಹಾಕುವ ನೆಪದಲ್ಲಿ ಆ ಕಡೆ ಹೋಗಿ ನಿಲ್ಲುತ್ತೇನೆ. ಓಣಿಗೆ ಇಂಗ್ಲೆಂಡಿನದೊಂದು ಬಂದರೆ ನನ್ನದನ್ನು ಕೇಳುವವರಾರು?

ಹಿಂದೆ ನಮ್ಮ ಕಡೆಯ ಸ್ವಾಮಿಗಳು ಕಾಶಿಗೆ ಹೋಗಿ ಓದುತ್ತಿದ್ದರು. ವ್ಯಾಕರಣ ಅಲ್ಲಿಯದೂ ಅದೇ, ಇಲ್ಲಿಯದೂ ಅದೇ, ಆದರೂ ಹೋಗುತ್ತಿದ್ದರು. ಯಾಕೆಂಬುದು ನನಗೆ ಹಾವೇರಿಯಲ್ಲಿ ಹೊಳೆದಿತ್ತು. ಅಗಡಿಯಲ್ಲಿ ನಾನು ಫಕ್ಕೀರಪ್ಪನ ಮಗಳು. ಕಾಲೇಜಿನಲ್ಲಿ ಬರೀ ನಾನು. ಅದೂ ಸಂಜೆಯ ಬಸ್ಸು ಹತ್ತುವವರೆಗೆ ಮಾತ್ರ. ಯಾವ ಹುಡುಗನ ಹತ್ತಿರ ನೋಟ್ಸ್ ಕೇಳಿದೆನೆಂಬ ಸುದ್ದಿ ನನಗಿಂತ ಮೊದಲೇ ಮನೆ ಮುಟ್ಟುತ್ತಿತ್ತು. ಈ ಹುಡುಗಿಗೋ, ಸಂಜೆಯ ಬಸ್ಸೇ ಇಲ್ಲ! ಬೀದಿಯಲ್ಲಿ ಜೋರಾಗಿ ನಕ್ಕರೂ ಯಾರ ಮಗಳೆಂದು ಕೇಳುವವರಿಲ್ಲ. ಅಲ್ಲಿಯ ಹಿಮ, ದೊಡ್ಡ ಲೈಬ್ರರಿ, ಇವಕ್ಕೆಲ್ಲ ನಾನು ಹೊಟ್ಟೆಕಿಚ್ಚು ಪಡಲಿಲ್ಲ. ಈ ಒಂದಕ್ಕೆ ಪಟ್ಟೆ, ಹೊಟ್ಟೆತುಂಬ ಪಟ್ಟೆ.

“ಪುಸ್ತಕ ಇಲ್ಲೂ ಅದಾವ್ರಿ,” ಎಂದೆ. “ಆದ್ರೂ ಕಳಸ್ರಿ.”

“ಪುಸ್ತಕ ಇಲ್ಲೇ ಇದ್ರ ಯಾಕ ಕಳಸ್ಬೇಕ್ರಿ ಮತ್ತ?”

“ಇಲ್ಲಿ ಆಕಿ ನಿಮ್ಮ ಮಗಳು. ಅಲ್ಲಿ ಸುಜಾತಾ ಅಂತ ಒಬ್ಬಾಕಿ ಇರ್ತಾಳ. ಆಕಿನ್ನ ನೀವೂ ನೋಡಿಲ್ಲ, ನಾನೂ ನೋಡಿಲ್ಲ.”

ಬಸಣ್ಣನವರಿಗೆ ಅರ್ಥವಾಯಿತೋ ಇಲ್ಲವೋ, ತಲೆ ಕೆರೆದುಕೊಂಡರು. “ನೀವು ಹೇಳಿದ್ರಿ ಅಂದ್ಮ್ಯಾಲ ಆತ್ ಬಿಡ್ರಿ. ಹೋಗ್ಲಿ.”

ಸುಜಾತಾ ಓಡಿಬಂದು ನನ್ನ ಕೈ ಹಿಡಿದಳು. “ಅಕ್ಕೋರ, ಅಲ್ಲಿಂದ ಬರೋವಾಗ ನಿಮಗೇನ ತರ್ಲಿ?”

ನನಗೆ ಬೇಕಾದದ್ದು ಪೆಟ್ಟಿಗೆಯಲ್ಲಿ ಹಿಡಿಯುವಂಥದ್ದಲ್ಲ.

“ಏನೂ ಬ್ಯಾಡವಾ,” ಎಂದೆ. “ಲಗೂ ಬರಬ್ಯಾಡ, ಅಷ್ಟ ಸಾಕು.”