ಕಾಫಿ ಕರೆ

ನಾನು ನಾಲ್ಕನೇ ಕ್ಲಾಸಿನಲ್ಲಿದ್ದ ಕಾಲಕ್ಕೆ ಮೂಡಿಗೆರೆ ಸೀಮೆಯ ನಮ್ಮ ಕಾನ್ವೆಂಟಿನಲ್ಲಿ ಶುಕ್ರವಾರವೆಂದರೆ ಕೈ ನೋಡುವ ದಿನ. ಕಡೆಯ ಪೀರಿಯಡ್ಡಿಗೆ ಕ್ರಿಶ್ಚಿಯನ್ ಮಕ್ಕಳು ಧರ್ಮೋಪದೇಶಕ್ಕೆ ಹೋಗುತ್ತಿದ್ದರು, ಉಳಿದ ನಮಗೆ ನೀತಿಪಾಠ. ಹಲ್ಲುಜ್ಜುವುದು, ಸುಳ್ಳು ಹೇಳದಿರುವುದು, ಹಂಚಿ ತಿನ್ನುವುದು ಎಲ್ಲವೂ ಅದೇ ಪುಸ್ತಕದಲ್ಲಿತ್ತು. ಪಾಠಕ್ಕೆ ಮೊದಲು ಆರೋಗ್ಯ ಲೀಡರ್ ಎಲ್ಲರ ಉಗುರು, ಕರ್ಚೀಫು ನೋಡಿ ಸಿಸ್ಟರಿಗೆ ಹೇಳಬೇಕು. ಆ ವರ್ಷ ಲೀಡರ್ ನಾನು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ; ನಾನು ಆ ಹಸಿರು ಬ್ಯಾಡ್ಜನ್ನು ಮನೆಯ ಫ್ರಾಕಿಗೂ ಚುಚ್ಚಿಕೊಂಡು ಅಪ್ಪನ ದಿನಸಿ ಅಂಗಡಿಯ ಮುಂದೆ ಓಡಾಡುತ್ತಿದ್ದೆ. ಅಪ್ಪ ಗಿರಾಕಿಗಳಿಗೆಲ್ಲ ಅದನ್ನು ತೋರಿಸುತ್ತಿದ್ದರು.

ನನ್ನ ಪಕ್ಕ ಕೂರುತ್ತಿದ್ದವಳು ಲಲಿತ. ಅವಳ ಅಮ್ಮ ಎಸ್ಟೇಟಿನಲ್ಲಿ ಕೆಲಸಕ್ಕಿದ್ದರು, ಮನೆ ಅಲ್ಲೇ ಕೂಲಿಯವರ ಲೈನಿನಲ್ಲಿ. ನಮ್ಮ ಲಿಂಗಾಯತರ ಮನೆಯಲ್ಲಿ ಹೆಸರೆತ್ತಬಾರದ ಒಣಮೀನಿನ ಚಟ್ನಿಯನ್ನು ನಾನು ಮೊದಲು ತಿಂದದ್ದು ಅವಳ ಡಬ್ಬಿಯಿಂದ. ಅವಳು ಅದನ್ನು ಯಾರಿಗೂ ಹೇಳಲಿಲ್ಲ.

ಡಿಸೆಂಬರಿನಲ್ಲಿ ಕಾಫಿ ಕೊಯ್ಲು ಶುರುವಾಯಿತು. ಗಾಳಿಯಲ್ಲೆಲ್ಲ ಹಣ್ಣಿನ ಸಿಪ್ಪೆ ಕೊಳೆಯುವ ಹುಳಿ ವಾಸನೆ. ಭಾನುವಾರ ಲಲಿತ ಅಮ್ಮನ ಜೊತೆ ಹಣ್ಣು ಕುಯ್ಯಲು ಹೋಗುತ್ತಿದ್ದಳು. ಹಣ್ಣು ಕುಯ್ದ ಕೈಗೆ ಕಪ್ಪು ಕರೆ ಹಿಡಿಯುತ್ತದೆ, ಯಾವ ಸೋಪಿಗೂ ಬಿಡುವುದಿಲ್ಲ. ಕೊಯ್ಲು ಮುಗಿದ ಮೇಲೆ ತಾನಾಗಿ ಹೋಗಬೇಕು. ಇದು ನಮ್ಮ ಕಡೆ ಎಳೆಮಕ್ಕಳಿಗೂ ಗೊತ್ತು. ಗೊತ್ತಿಲ್ಲದವರೆಂದರೆ ಆ ವರ್ಷವಷ್ಟೇ ಕರಾವಳಿಯಿಂದ ಬಂದಿದ್ದ ಸಿಸ್ಟರ್ ಒಬ್ಬರೇ.

ಎರಡು ವಾರದಿಂದ ನಾನು ಯಾರ ಹೆಸರನ್ನೂ ಹೇಳಿರಲಿಲ್ಲ. ಗೆಳತಿಯರನ್ನು ಬಚಾವು ಮಾಡುವವಳಿಗೆ ಬ್ಯಾಡ್ಜ್ ಯಾಕೆ ಎಂದು ಸಿಸ್ಟರ್ ಒಮ್ಮೆ ಕೇಳಿಯೂ ಆಗಿತ್ತು. ಆ ಶುಕ್ರವಾರ ಅವರೇ ಲಲಿತಳ ಕೈ ಹಿಡಿದು ನೋಡಿ, ಇದೇನು ಎಂದು ನನ್ನನ್ನು ಕೇಳಿದರು.

"ಅವ್ಳು ಕೈ ತೊಳ್ಯೋದಿಲ್ಲ ಸಿಸ್ಟರ್," ಎಂದೆ.

ಲಲಿತ ಬಾಯಿ ಬಿಡಲಿಲ್ಲ, ನನ್ನನ್ನೇ ನೋಡಿದಳು. ಸಿಸ್ಟರ್ ಅವಳ ಕೈಗೆ ಬಟ್ಟೆ ಸೋಪು, ತೆಂಗಿನ ನಾರು ಕೊಟ್ಟು, ಕಪ್ಪು ಹೋಗುವವರೆಗೂ ಉಜ್ಜು ಎಂದು ಹೊರಗಿನ ನಲ್ಲಿಗೆ ಕಳಿಸಿದರು. ಒಳಗೆ ನಾವು ಹಂಚಿ ತಿನ್ನುವ ಪಾಠ ಓದಿದೆವು. ಬೆಲ್ ಹೊಡೆದಾಗ ಅವಳ ಬೆರಳ ಸಂದಿನಲ್ಲಿ ರಕ್ತ ಜಿನುಗುತ್ತಿತ್ತು. ಕರೆ ಹಾಗೇ ಇತ್ತು.

ಸೋಮವಾರ ಅವಳ ಅಮ್ಮ ಕೆಲಸ ಬಿಟ್ಟು ಬಂದರು. ಜಗಳ ಆಡಲಿಲ್ಲ. ಕ್ಲಾಸಿನ ಬಾಗಿಲಲ್ಲಿ ನಿಂತು ತಮ್ಮ ಎರಡೂ ಕೈ ಚಾಚಿದರು.

"ಇದು ಕೊಳೆ ಅಲ್ಲ ಸಿಸ್ಟರವ್ರೇ, ಕಾಫಿ ಕರೆ. ನಂದೂ ನೋಡಿ."

ಸಿಸ್ಟರ್ ಮುಖ ಸಣ್ಣಗಾಯಿತು. ಎಲ್ಲರೆದುರೇ ಆ ತಾಯಿಯ ಹತ್ತಿರ, ಆಮೇಲೆ ಲಲಿತಳ ಹತ್ತಿರ, ತಪ್ಪಾಯಿತು ಎಂದರು. ನನ್ನತ್ತ ತಿರುಗಿ, ನಿನಗೂ ಗೊತ್ತಿರಲಿಲ್ಲವೇ ಎಂದು ಮೆಲ್ಲಗೆ ಕೇಳಿದರು. ಇಲ್ಲ ಎಂದೆ. ಅಂಗಡಿಯವರ ಮಗು, ಹೇಗೆ ಗೊತ್ತಿರಬೇಕು ಎಂದು ಅವರು ನಂಬಿಬಿಟ್ಟರು. ಲಲಿತ ಆಗಲೂ ಏನೂ ಹೇಳದೆ ಪುಸ್ತಕ ಎತ್ತಿಕೊಂಡು ಹಿಂದಿನ ಬೆಂಚಿಗೆ ಹೋದಳು. ಬೇಸಿಗೆ ರಜೆಯಲ್ಲಿ ಅವರ ಮನೆಯವರು ಬಾಳೂರಿನ ಕಡೆಯ ಎಸ್ಟೇಟಿಗೆ ಹೋದರು. ಅಲ್ಲಿಯವರೆಗೆ ಅವಳು ನನ್ನ ಜೊತೆ ಒಂದು ಮಾತೂ ಆಡಲಿಲ್ಲ. ನಾನೂ ಹೋಗಿ ಮಾತಾಡಿಸಲಿಲ್ಲ. ಬ್ಯಾಡ್ಜ್ ವರ್ಷಪೂರ್ತಿ ನನ್ನಲ್ಲೇ ಇತ್ತು. ನೆನೆದರೆ ಈಗಲೂ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಈಗ ನಾನೂ ಇಂಥದೇ ಒಂದು ಕಾನ್ವೆಂಟಿನಲ್ಲಿ ಟೀಚರ್. ನೀತಿಪಾಠಕ್ಕೆ ಉದ್ದನೆಯ ಹೊಸ ಹೆಸರು, ಬಣ್ಣದ ಪುಸ್ತಕ ಬಂದಿವೆ. ಕೈ ನೋಡುವುದನ್ನು ನನ್ನ ಕ್ಲಾಸಿನಲ್ಲಿ ನಿಲ್ಲಿಸಿದ್ದೇನೆ. ಆಮೇಲೆ ಎಷ್ಟೋ ಗೆಳತಿಯರು ಸಿಕ್ಕಿದರು; ತನ್ನ ಕೈ ಸುಲಿದುಹೋದರೂ ನನ್ನನ್ನು ಬಿಟ್ಟುಕೊಡದ ಇನ್ನೊಬ್ಬಳು ಸಿಗಲಿಲ್ಲ. ಪ್ರತಿ ಕೊಯ್ಲಿನಲ್ಲೂ ಮಕ್ಕಳಿಗೆ ಈ ಕಥೆ ಹೇಳುತ್ತೇನೆ. ಹೋದ ವರ್ಷ ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು.

"ಆ ಲೀಡರ್ ಯಾರು ಮಿಸ್? ನಿಮ್ಗೆ ಗೊತ್ತಾ?"

ಅವಳ ಹೆಸರು ಮರೆತುಹೋಗಿದೆ ಎಂದೆ.